ಆಟ ಬೇಣದಿಂದ ಎಲ್ಲಿಗೆ ಹೋಯಿತು: ಗಮನದ ತೊಂದರೆ ಇರುವ ಮಕ್ಕಳು ಮತ್ತು ಗೆಳೆತನ

ಕಳೆದ ಚಳಿಗಾಲ, ಅಡಿಕೆ ಕೊಯ್ಲಿನ ಹೊತ್ತಿಗೆ ಶಿರಸಿ ತಾಲ್ಲೂಕಿನ ಅಕ್ಕನ ಮನೆಗೆ ಹೋಗಿದ್ದೆ. ಸಂಜೆ ನಾಲ್ಕೂವರೆಗೆ ಅಕ್ಕನ ಮಗ ಶಾಲೆಯಿಂದ ಬಂದವನು ಚೀಲವನ್ನು ಜಗುಲಿಯ ಮೂಲೆಗೆ ಎಸೆದು, ಕೊಟ್ಟ ದೋಸೆಯನ್ನು ಅರ್ಧ ತಿಂದು ಬೇಣಕ್ಕೆ, ಅಂದರೆ ಊರಿನ ಹುಲ್ಲುಬಯಲಿಗೆ, ಓಡಿದ. ಹತ್ತು ನಿಮಿಷದಲ್ಲಿ ಮರಳಿ ಬಂದ. "ಇವತ್ತು ಯಾರೂ ಆಡುವುದಿಲ್ಲವಂತೆ, ಚಿಕ್ಕಮ್ಮ" ಎಂದ. ಆಮೇಲೆ ನಾನು ಹಾಲಿನ ಡೇರಿಗೆ ಹೊರಟಾಗ ಕಂಡದ್ದು ಬೇರೆ. ದೇವಸ್ಥಾನದ ಹಿಂದೆ, ಕೊಯ್ಲು ಮುಗಿದು ಒಣಗಿದ ಗದ್ದೆಯಲ್ಲಿ ಏಳೆಂಟು ಮಕ್ಕಳು ಲಗೋರಿ ಆಡುತ್ತಿದ್ದರು. ಸೈಕಲ್ಲುಗಳನ್ನು ರಸ್ತೆಗೆ ಕಾಣದಂತೆ ಕಟ್ಟೆಯ ಆಚೆ ಮಲಗಿಸಿದ್ದರು. ಏಕೆ ಇಲ್ಲಿ ಎಂದು ಕೇಳಿದ್ದಕ್ಕೆ ಒಬ್ಬ ಹುಡುಗಿ ನನ್ನ ಮುಖ ನೋಡದೆ ಹೇಳಿದಳು: "ಅವನು ಬಂದರೆ ಆಟ ಕೆಡುತ್ತದೆ."

ಅವಳ ದನಿಯಲ್ಲಿ ಕೇಡಿನ ಬುದ್ಧಿ ಇರಲಿಲ್ಲ. ಆಟವನ್ನು ಉಳಿಸಿಕೊಳ್ಳಲು ಮಕ್ಕಳಿಗೆ ತೋಚಿದ ದಾರಿ ಅದು. ಆದರೆ ಒಂಬತ್ತು ವರ್ಷದ ಒಬ್ಬ ಹುಡುಗನಿಂದ ತಪ್ಪಿಸಿಕೊಳ್ಳಲು ಇಡೀ ಊರಿನ ಮಕ್ಕಳು ಆಟದ ಜಾಗವನ್ನೇ ಬದಲಿಸಿದ್ದರು. ಅವನಿಗೆ ಅದರ ಕಾರಣ ತಿಳಿದಿರಲಿಲ್ಲ.

ಹಿಂದಿನ ವರ್ಷ ಧಾರವಾಡದ ಮನೋವೈದ್ಯರೊಬ್ಬರು ಅವನಿಗಿರುವುದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದಿದ್ದರು. ಅಂದಿನಿಂದ ಮನೆಯಲ್ಲಿ ಮಾತೆಲ್ಲ ಅಂಕಗಳದು, ಹೋಂವರ್ಕಿನದು, ಮಾತ್ರೆ ಕೊಡಬೇಕೋ ಬೇಡವೋ ಎಂಬುದರದು. ನಾಲ್ಕೂವರೆಯಿಂದ ಆರರವರೆಗಿನ ಹೊತ್ತಿನ ಬಗ್ಗೆ ಯಾರೂ ವಿಚಾರಿಸಿರಲಿಲ್ಲ. ಆ ಒಂದೂವರೆ ತಾಸಿನ ನಷ್ಟ ಅಂಕಪಟ್ಟಿಯ ನಷ್ಟಕ್ಕಿಂತ ದೊಡ್ಡದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅದನ್ನು ಸರಿಪಡಿಸುವ ಹೊಣೆಯನ್ನು ಮಗುವಿನ ಹೆಗಲಿಗೇ ಹೊರಿಸುತ್ತಿದ್ದೇವೆ ಎಂಬುದು ಈ ಲೇಖನದ ತಕರಾರು.

ಈ ತೊಂದರೆ ಹೊಸದೇನಲ್ಲ. 1902ರಲ್ಲೇ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ತಮ್ಮ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವರ್ಣಿಸಿದ್ದರು. ಜಗತ್ತಿನಾದ್ಯಂತ ನಡೆದ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2007ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ನೂರರಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುತ್ತದೆ. ಇದರಲ್ಲಿ ವಂಶವಾಹಿಯ ಪಾಲು ದೊಡ್ಡದು. ಪೋಷಕರ ಮುದ್ದಿನಿಂದಾಗಲಿ, ಮೊಬೈಲಿನಿಂದಾಗಲಿ ಇದು ಹುಟ್ಟಿಕೊಳ್ಳುವುದಿಲ್ಲ. ಹೆಸರಿನಲ್ಲಿ 'ಗಮನದ ಕೊರತೆ' ಎಂದಿದ್ದರೂ ಗಮನವೇ ಇಲ್ಲವೆಂದಲ್ಲ. ಏಡಿ ಹಿಡಿಯಲು ಹಳ್ಳದ ದಂಡೆಯಲ್ಲಿ ಒಂದು ತಾಸು ಕದಲದೆ ಕೂರುವ ಹುಡುಗನಿಗೇ ಗುಂಪಿನಲ್ಲಿ ತನ್ನ ಸರದಿಗಾಗಿ ಎರಡು ನಿಮಿಷ ಕಾಯಲಾಗುವುದಿಲ್ಲ. ಬೇಕಾದ ಕಡೆ ಗಮನವನ್ನು ತಿರುಗಿಸುವ, ಹುಟ್ಟಿದ ಆವೇಗವನ್ನು ಒಂದು ಕ್ಷಣ ತಡೆಹಿಡಿಯುವ ಶಕ್ತಿ ಅವನಲ್ಲಿ ನಿಧಾನವಾಗಿ ಬಲಿಯುತ್ತಿರುತ್ತದೆ.

ಗೆಳೆತನಕ್ಕೆ ಬೇಕಾದದ್ದೂ ಆ ಒಂದು ಕ್ಷಣವೇ. ಲಗೋರಿಯನ್ನೇ ನೋಡಿ. ಏಳು ಕಲ್ಲುಗಳ ಗೋಪುರಕ್ಕೆ ಚೆಂಡು ಹೊಡೆಯಲು ಒಬ್ಬೊಬ್ಬರೂ ಸರದಿ ಕಾಯಬೇಕು. ಕಲ್ಲು ಬಿದ್ದ ಕೂಡಲೇ ಯಾರು ಜೋಡಿಸುವವರು, ಯಾರು ಎದುರಾಳಿಯ ಚೆಂಡನ್ನು ತಮ್ಮ ಕಡೆ ಸೆಳೆಯುವವರು ಎಂದು ಕಣ್ಸನ್ನೆಯಲ್ಲೇ ತೀರ್ಮಾನವಾಗಬೇಕು. ಚೆಂಡು ಬೆನ್ನಿಗೆ ತಾಗಿದರೆ ವಾದಿಸದೆ ಹೊರಗೆ ಹೋಗಬೇಕು. ಹೊರಗೆ ಕೂತಿರುವಾಗ ಆಟ ಎಲ್ಲಿಗೆ ಬಂತು ಎಂಬುದು ನೆನಪಿನಲ್ಲಿರಬೇಕು. ನಮ್ಮ ಹುಡುಗ ಇವುಗಳಲ್ಲಿ ಪ್ರತಿಯೊಂದರಲ್ಲೂ ಎಡವುತ್ತಾನೆ. ಬೇರೆಯವರ ಸರದಿಯಲ್ಲಿ ಚೆಂಡು ಕಸಿಯುತ್ತಾನೆ. ಜೋಡಿಸಿದ ಕಲ್ಲಿಗೆ ಅವಸರದಲ್ಲಿ ಕೈ ತಾಗಿಸಿ ಕೆಡವುತ್ತಾನೆ. ತಾಗಿದ ಚೆಂಡನ್ನು ತಾಗಲಿಲ್ಲ ಎನ್ನುತ್ತಾನೆ. ಅದು ಸುಳ್ಳಲ್ಲ, ಓಡುವ ಭರದಲ್ಲಿ ಅವನಿಗೆ ನಿಜಕ್ಕೂ ಗೊತ್ತಾಗಿರುವುದಿಲ್ಲ. ಹೊರಗೆ ಕೂರಿಸಿದರೆ ಎರಡೇ ನಿಮಿಷದಲ್ಲಿ ಮರ ಹತ್ತಿರುತ್ತಾನೆ, ಕರೆದಾಗ ಕೇಳಿಸುವುದಿಲ್ಲ. ಸೋತರೆ ಅಳುತ್ತಾನೆ, ಗೆದ್ದರೆ ಕುಣಿಯುತ್ತಾನೆ, ಎರಡೂ ಉಳಿದವರಿಗೆ ಅತಿ ಎನಿಸುತ್ತದೆ. "ಸರದಿ ಮುರಿಯುವುದು ಸರಿಯೇ?" ಎಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದರೆ ನಿಯಮವನ್ನೆಲ್ಲ ಗಿಳಿಯಂತೆ ಒಪ್ಪಿಸುತ್ತಾನೆ. ಗೊತ್ತಿಲ್ಲದೆ ತಪ್ಪುತ್ತಿಲ್ಲ. ಗೊತ್ತಿರುವುದು ಆ ಹೊತ್ತಿಗೆ ಕೈಗೆ ಸಿಗುತ್ತಿಲ್ಲ.

ಇನ್ನೊಂದು ಬಗೆಯ ಮಕ್ಕಳಿದ್ದಾರೆ, ಅವರ ಬಗ್ಗೆ ನಾವು ಇನ್ನೂ ಕಡಿಮೆ ಮಾತನಾಡುತ್ತೇವೆ. ಅತಿಚಟುವಟಿಕೆ ಇಲ್ಲದೆ ಗಮನದ ತೊಂದರೆಯಷ್ಟೇ ಇರುವವರು, ಇವರಲ್ಲಿ ಹೆಣ್ಣುಮಕ್ಕಳು ಬಹಳ. ಇವರು ಯಾರ ಆಟವನ್ನೂ ಕೆಡಿಸುವುದಿಲ್ಲ. ನಾಲ್ವರು ಕೂತು ಮಾತನಾಡುವಾಗ ನಡುವೆ ಎಲ್ಲೋ ಕಳೆದುಹೋಗಿ, ಎಲ್ಲರೂ ನಕ್ಕ ಮೇಲೆ "ಏನಾಯಿತು?" ಎನ್ನುತ್ತಾರೆ. ಗೆಳತಿ ಹೇಳಿದ ಗುಟ್ಟನ್ನು ಮರೆಯುತ್ತಾರೆ, ತರುತ್ತೇನೆಂದ ರಬ್ಬರ್ ತರುವುದಿಲ್ಲ, ಕೈಕೈ ಹಿಡಿದು ಹೋಗುವ ಸಾಲಿನಿಂದ ಹಿಂದೆ ಉಳಿಯುತ್ತಾರೆ. ಇವರನ್ನು ಯಾರೂ ದೂಡುವುದಿಲ್ಲ, ಬರೀ ಕರೆಯುವುದನ್ನು ಬಿಡುತ್ತಾರೆ. 'ಪಾಪದ ಹುಡುಗಿ, ಕನಸಿನಲ್ಲೇ ಇರುತ್ತಾಳೆ' ಎಂದು ಶಿಕ್ಷಕರು ಪ್ರೀತಿಯಿಂದಲೇ ಹೇಳುತ್ತಾರೆ. ಹೀಗಾಗಿ ಅವಳನ್ನು ವೈದ್ಯರ ಬಳಿ ಕರೆದೊಯ್ಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಇದು ನಮ್ಮೂರೊಂದರ ಕತೆಯಲ್ಲ. ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆದ ದೊಡ್ಡ ಚಿಕಿತ್ಸಾ ಅಧ್ಯಯನವೊಂದರ ಭಾಗವಾಗಿ ಬೆಟ್ಸಿ ಹೋಜಾ ಮತ್ತು ಸಂಗಡಿಗರು ಮಕ್ಕಳ ತರಗತಿಗಳಿಗೇ ಹೋಗಿ, ನಿನಗೆ ಯಾರು ಇಷ್ಟ, ಯಾರು ಇಷ್ಟವಿಲ್ಲ ಎಂದು ಸಹಪಾಠಿಗಳನ್ನು ಕೇಳಿದ್ದರು. 2005ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಶೇ. 52ರಷ್ಟು ಮಂದಿ ತರಗತಿಯಿಂದ ತಿರಸ್ಕೃತರಾದವರ ಗುಂಪಿಗೆ ಬಿದ್ದರು. ಶೇ. 56 ಮಕ್ಕಳಿಗೆ ಪರಸ್ಪರ ಒಪ್ಪಿದ ಒಬ್ಬ ಗೆಳೆಯನೂ ಇರಲಿಲ್ಲ. ಹೋಲಿಕೆಗೆ ತೆಗೆದುಕೊಂಡ ಸಹಪಾಠಿಗಳಲ್ಲಿ ಅಂಥವರು ಶೇ. 32. 'ನನ್ನ ಗೆಳೆಯ' ಎಂದು ಇವನು ಬರೆದ ಹೆಸರಿನವನು ತನ್ನ ಚೀಟಿಯಲ್ಲಿ ಇವನ ಹೆಸರನ್ನು ಬರೆದಿರಲಿಲ್ಲ ಎಂಬುದೇ ಆ ಅಂಕಿಯ ಅರ್ಥ. ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇದಕ್ಕಿಂತಲೂ ಹಳೆಯ, 1994ರ ಅಧ್ಯಯನವೊಂದು ಇನ್ನೊಂದು ಕಹಿ ಸಂಗತಿಯನ್ನು ತೋರಿಸಿತು. ಒಬ್ಬರನ್ನೊಬ್ಬರು ಅರಿಯದ ಹುಡುಗರನ್ನು ಬೇಸಿಗೆ ಶಿಬಿರಕ್ಕೆ ಸೇರಿಸಿ ಎರ್ಹಾರ್ಟ್ ಮತ್ತು ಹಿನ್‌ಶಾ ಗಮನಿಸಿದರು. ಎಡಿಎಚ್‌ಡಿ ಇರುವ ಹುಡುಗರ ಬಗ್ಗೆ ಉಳಿದವರ ಅಸಮಾಧಾನ ಮೊದಲ ದಿನದಲ್ಲೇ ಮೂಡಿತ್ತು. ಹೀಗೆ ಒಮ್ಮೆ ಹೆಸರು ಕೆಟ್ಟ ಮೇಲೆ ಮಗುವಿನ ನಡತೆ ಸುಧಾರಿಸಿದರೂ ಉಳಿದವರ ಕಣ್ಣಿಗೆ ಅದು ಬೀಳುವುದಿಲ್ಲ. ಆಕಸ್ಮಿಕವಾಗಿ ಕಾಲು ತಾಗಿದರೂ 'ಬೇಕೆಂದೇ ಒದ್ದ' ಎನ್ನುತ್ತಾರೆ. ಬೇರೆ ಹುಡುಗ ಮಾಡಿದರೆ ನಗು ತರಿಸುವ ಕೀಟಲೆ ಇವನು ಮಾಡಿದರೆ ಶಿಕ್ಷಕರವರೆಗೆ ಹೋಗುತ್ತದೆ. ಅಂದರೆ ತೊಂದರೆ ಮಗುವಿನ ಒಳಗೆ ಮಾತ್ರ ಇಲ್ಲ, ಮಗುವಿಗೂ ಗುಂಪಿಗೂ ನಡುವಿನ ಜಾಗದಲ್ಲಿದೆ. ಮಾತ್ರೆಯಾಗಲಿ ಬುದ್ಧಿಮಾತಾಗಲಿ ಆ ಜಾಗವನ್ನು ಮುಟ್ಟುವುದಿಲ್ಲ.

ಮಾತ್ರೆಯ ವಿರುದ್ಧ ನಾನು ಮಾತನಾಡುತ್ತಿಲ್ಲ. ಮೀಥೈಲ್‌ಫೆನಿಡೇಟ್‌ನಂಥ ಔಷಧಿಗಳು ಗಮನವನ್ನೂ ಆವೇಗದ ಹಿಡಿತವನ್ನೂ ಸುಧಾರಿಸುತ್ತವೆ ಎಂಬುದಕ್ಕೆ ದಶಕಗಳ ಪುರಾವೆ ಇದೆ. ಎಷ್ಟೋ ಮಕ್ಕಳಿಗೆ ಅದರಿಂದ ತರಗತಿಯ ಬದುಕು ಸಹನೀಯವಾಗಿದೆ. ಆದರೆ ಮೇಲೆ ಹೇಳಿದ ದೊಡ್ಡ ಅಧ್ಯಯನದಲ್ಲಿ 14 ತಿಂಗಳ ಚಿಕಿತ್ಸೆಯ ನಂತರವೂ ಸಹಪಾಠಿಗಳ ನಡುವಿನ ಸ್ಥಾನ ಹೆಚ್ಚೇನೂ ಮೇಲೆ ಬರಲಿಲ್ಲ. ಮಗುವನ್ನು ಕೂರಿಸಿ ನಗುವುದು ಹೇಗೆ, ನಮಸ್ಕರಿಸುವುದು ಹೇಗೆ, ಸರದಿ ಕಾಯುವುದು ಹೇಗೆ ಎಂದು ಕಲಿಸುವ ತರಬೇತಿಗಳೂ ಅಷ್ಟೇ. ಅವುಗಳ ಪ್ರಯೋಗಗಳನ್ನೆಲ್ಲ ಜರಡಿ ಹಿಡಿದ, ಕೊಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಸಮೀಕ್ಷೆ 2019ರ ಆವೃತ್ತಿಯಲ್ಲೂ ಗಟ್ಟಿಯಾದ ಲಾಭವನ್ನು ಕಾಣಲಿಲ್ಲ. ನನಗೆ ಇದು ಆಶ್ಚರ್ಯವೆನಿಸುವುದಿಲ್ಲ. ಕೊಠಡಿಯಲ್ಲಿ ಕಲಿತದ್ದು ಬೇಣದಲ್ಲಿ ಬೇಕಾದ ಕ್ಷಣಕ್ಕೆ ಒದಗದಿರುವುದೇ ಈ ತೊಂದರೆಯ ತಿರುಳಾಗಿರುವಾಗ, ಕೊಠಡಿಯ ಪಾಠವನ್ನು ಇಮ್ಮಡಿಸಿ ಪ್ರಯೋಜನವೇನು?

'ಎಲ್ಲರ ಜೊತೆ ಬಿಡಿ, ತಾನಾಗಿ ಕಲಿಯುತ್ತಾನೆ' ಎಂಬುದು ಹಿರಿಯರ ಸಲಹೆ. ಸದುದ್ದೇಶದ್ದೇ, ಆದರೆ ಈ ಮಕ್ಕಳ ವಿಷಯದಲ್ಲಿ ತಪ್ಪು. ಪ್ರತಿ ಸಂಜೆಯ ವಿಫಲ ಆಟ ಅವನಿಗೆ ಪಾಠ ಕಲಿಸುವುದಿಲ್ಲ, ಗುಂಪಿಗೆ ಇನ್ನೊಂದು ಪುರಾವೆ ಒದಗಿಸುತ್ತದೆ, ಅಷ್ಟೆ. ಜೊತೆಗೆ, ಇಂಥ ಅನೇಕ ಮಕ್ಕಳು ತಮ್ಮ ಸ್ಥಾನವನ್ನು ಇರುವುದಕ್ಕಿಂತ ಮೇಲೆಯೇ ಎಣಿಸಿಕೊಂಡಿರುತ್ತಾರೆ. ನನ್ನ ಅಕ್ಕನ ಮಗನನ್ನು ಕೇಳಿದರೆ ಊರಿನವರೆಲ್ಲ ಅವನ ಗೆಳೆಯರು. ಇದನ್ನು ಜಂಬ ಎಂದು ತಿಳಿಯಬಾರದು. ಮುಖಭಾವಗಳನ್ನು ಗಮನಿಸುವಷ್ಟು ಹೊತ್ತು ಅವನ ಕಣ್ಣು ನಿಂತಿರುವುದಿಲ್ಲ. ಜೊತೆಗೆ ತಡೆಯಲಾಗದ ನೋವಿನಿಂದ ಮನಸ್ಸು ತನ್ನನ್ನು ಕಾಯ್ದುಕೊಳ್ಳುವ ಬಗೆಯೂ ಅದಾಗಿರಬಹುದು. ಆ ಮರೆ ಸರಿಯುವುದು ಸಾಮಾನ್ಯವಾಗಿ ಹದಿಹರೆಯದಲ್ಲಿ, ಆಗ ಬೀಳುವ ಪೆಟ್ಟು ದೊಡ್ಡದು. ಬಾಲ್ಯದಲ್ಲಿ ತಿರಸ್ಕೃತರಾದವರಲ್ಲಿ ವರ್ಷಗಳ ನಂತರ ಧೂಮಪಾನ, ಕಾನೂನು ಮುರಿಯುವ ನಡತೆ, ಆತಂಕ ಹೆಚ್ಚಾಗಿ ಕಂಡದ್ದನ್ನು 2012ರ ಅಧ್ಯಯನವೊಂದು ದಾಖಲಿಸಿದೆ.

ಇನ್ನು ನಮ್ಮ ಜಿಲ್ಲೆಯ ಮಾತು. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಮನೆಗಳು ತೋಟದ ಮಗ್ಗುಲಿಗೊಂದರಂತೆ ಚದುರಿವೆ. ಹತ್ತು ಹದಿನೈದು ಮಕ್ಕಳ ಸರ್ಕಾರಿ ಶಾಲೆಗಳು ಇಲ್ಲಿ ಅಪರೂಪವಲ್ಲ. ಕಾರವಾರದಂಥ ಪಟ್ಟಣದಲ್ಲಿ ಒಂದು ಗುಂಪು ಕೈಬಿಟ್ಟ ಮಗು ಇನ್ನೊಂದು ವಿಭಾಗಕ್ಕೆ, ಇನ್ನೊಂದು ಬೀದಿಗೆ, ಕಡಲ ದಂಡೆಯಲ್ಲಿ ಕ್ರಿಕೆಟ್ ಆಡುವ ಇನ್ನೊಂದು ತಂಡಕ್ಕೆ ಹೋಗಿ ಹೊಸದಾಗಿ ಶುರುಮಾಡಬಹುದು. ಹಳ್ಳಿಯ ಮಗುವಿಗೆ ಎರಡನೆಯ ಗುಂಪಿಲ್ಲ. ಒಂದನೇ ತರಗತಿಯಲ್ಲಿ ಬಂದ 'ಉಡಾಳ' ಎಂಬ ಹೆಸರು ಏಳನೇ ತರಗತಿಯವರೆಗೆ ಅದೇ ಹತ್ತು ಮಕ್ಕಳ ಬಾಯಲ್ಲಿರುತ್ತದೆ. ಆ ಹೆಸರು ಮಕ್ಕಳಿಂದ ಮನೆಗೆ, ಮನೆಯಿಂದ ತೇರಿಗೆ, ತೇರಿನಿಂದ ಮದುವೆಮನೆಗೆ ಹೋಗುತ್ತದೆ. 'ಅವನ ಪಂಕ್ತಿಯಲ್ಲಿ ಕೂರಬೇಡ' ಎಂದು ಯಾರೋ ತಮ್ಮ ಮಗನ ಕಿವಿಯಲ್ಲಿ ಹೇಳುವುದನ್ನು ಕೇಳಿದ ಮೇಲೆ ಅಕ್ಕ ಸಮಾರಂಭಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದಳು. ಮಗನಿಗೆ ಸಿಗುತ್ತಿದ್ದ ಅಷ್ಟಿಷ್ಟು ಒಡನಾಟವೂ ಅಲ್ಲಿಗೆ ನಿಂತಿತು.

ಶಾಲೆಯೊಳಗೂ ಒಂದು ತಿರುವು ಇದೆ, ಅದನ್ನು ಶಿಕ್ಷಕರು ನನಗಿಂತ ಚೆನ್ನಾಗಿ ಬಲ್ಲರು. ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿಯವರೆಗೆ ನಲಿ-ಕಲಿ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ಒಂದು ಚಟುವಟಿಕೆ ಮುಗಿಸಿ ಎದ್ದು ಇನ್ನೊಂದು ಗುಂಪಿಗೆ ಹೋಗುತ್ತಾರೆ, ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಕೂತಲ್ಲಿ ಕೂರಲಾಗದ ಮಗುವಿಗೆ ಅದರಲ್ಲಿ ಎದ್ದು ಓಡಾಡಲು ಕಾರಣ ಸಿಗುತ್ತದೆ, ವಯಸ್ಸಿಗೆ ತಕ್ಕಷ್ಟು ಮಾಗದವನಿಗೆ ತನಗಿಂತ ಚಿಕ್ಕವರ ಜೊತೆ ಸಲೀಸು ಸಿಗುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಬೆಂಚು, ಕಪ್ಪುಹಲಗೆ, ನಲವತ್ತು ನಿಮಿಷ ಸುಮ್ಮನಿರುವುದು. ನಮ್ಮ ಹುಡುಗನ ವಿಷಯದಲ್ಲಿ ದೂರುಗಳೆಲ್ಲ ಶುರುವಾದದ್ದು ನಾಲ್ಕನೇ ತರಗತಿಯ ಜೂನ್ ತಿಂಗಳಲ್ಲಿ. ಹೊರಗೆ ಮಳೆ, ಅಂಗಳಕ್ಕೆ ಇಳಿಯುವಂತಿಲ್ಲ, ದೇಹಕ್ಕೆ ಬೇಕಾದ ಓಟವೆಲ್ಲ ಬೆಂಚಿನ ಕೆಳಗಿನ ಕಾಲಲ್ಲೇ ತೀರಬೇಕು. ಪಕ್ಕದಲ್ಲಿ ಕೂತವನಿಗೆ ಕಿರಿಕಿರಿಯಾಗದೆ ಇನ್ನೇನಾದೀತು?

ಹಾಗಾದರೆ ಮಾಡುವುದೇನು? ಶಿಕ್ಷಕರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅವರ ಕೈಯಲ್ಲಿರುವುದು ಬಹಳ. ಯಾರನ್ನು ಇಷ್ಟಪಡಬೇಕು ಎಂಬುದನ್ನು ಪ್ರಾಥಮಿಕ ಶಾಲೆಯ ಮಕ್ಕಳು ಶಿಕ್ಷಕರ ಮುಖ ನೋಡಿ ಕಲಿಯುತ್ತಾರೆ. ದಿನಕ್ಕೆ ಹತ್ತು ಸಲ ತರಗತಿಯ ನಡುವೆ ಒಬ್ಬನದೇ ಹೆಸರು ಕೂಗಿ ಗದರಿದರೆ, ಇವನನ್ನು ದೂರವಿಡಬಹುದು ಎಂದು ಉಳಿದವರಿಗೆ ಅಪ್ಪಣೆ ಕೊಟ್ಟಂತೆಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ಹೊಡೆಯುವುದರ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ನಾನು ಕೇಳುತ್ತಿರುವುದು ಕಾಯ್ದೆಯ ಭಯಕ್ಕಿಂತ ಹೆಚ್ಚಿನದನ್ನು. ಅಮೋರಿ ಮಿಕಾಮಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಡಿಎಚ್‌ಡಿ ಮಗುವನ್ನು ತಿದ್ದುವುದರ ಜೊತೆಗೆ ತರಗತಿಯನ್ನೂ ತಿದ್ದಲು ಹೊರಟರು. ತಪ್ಪನ್ನು ಮಗುವಿನ ಬಳಿ ಹೋಗಿ ಮೆಲ್ಲಗೆ ಹೇಳುವುದು, ಮೆಚ್ಚುವಂಥದ್ದನ್ನು ಎಲ್ಲರೆದುರು ಹೇಳುವುದು, ಯಾರನ್ನೂ ಆಟದಿಂದ ಹೊರಗಿಡಬಾರದು ಎಂಬುದನ್ನು ತರಗತಿಯ ನಿಯಮವಾಗಿಸುವುದು, ಒಬ್ಬರಿಗೊಬ್ಬರು ಒದಗಿದರಷ್ಟೇ ಮುಗಿಯುವ ಕೆಲಸಗಳನ್ನು ಕೊಡುವುದು. ಬರೀ ನಡತೆಯನ್ನು ತಿದ್ದಿದ ತರಗತಿಗಳಿಗಿಂತ ಇಲ್ಲಿ ಆ ಮಕ್ಕಳ ಮೇಲಿನ ಅಪ್ರೀತಿ ಕಡಿಮೆಯಾಯಿತು, ಪರಸ್ಪರ ಗೆಳೆತನ ಹೆಚ್ಚಿತು. ಇದಕ್ಕೆ ಹಣ ಬೇಡ. ಏಕೋಪಾಧ್ಯಾಯ ಶಾಲೆಯ ಮೇಷ್ಟ್ರಿಗೆ ಬಿಸಿಯೂಟದ ಲೆಕ್ಕದಿಂದ ಆನ್‌ಲೈನ್ ಮಾಹಿತಿ ತುಂಬುವವರೆಗೆ ಎಷ್ಟು ಹೊರೆಯಿದೆ ಎಂಬುದು ನನಗೆ ಗೊತ್ತು. ಆದರೂ ಹತ್ತೇ ಮಕ್ಕಳಿರುವ ಕಡೆ ಗುಂಪಿನ ಮನಸ್ಸು ತಿರುಗಿಸುವುದು ಐವತ್ತು ಮಕ್ಕಳ ತರಗತಿಗಿಂತ ಸುಲಭ. ಚಿಕ್ಕ ಶಾಲೆಯಲ್ಲಿ ಕೆಟ್ಟ ಹೆಸರು ಬೇಗ ಅಂಟುವಂತೆ ಒಳ್ಳೆಯ ಹೆಸರೂ ಅಂಟಬಲ್ಲದು. ಗಂಟೆ ಹೊಡೆಯುವ, ಗಿಡಗಳಿಗೆ ನೀರು ಹಾಕುವ, ಪಕ್ಕದ ಕೊಠಡಿಗೆ ಪುಸ್ತಕ ಒಯ್ಯುವ ಕೆಲಸ ಅವನದಾಗಲಿ.

ಮನೆಯವರ ಪಾಲಿನದು ಬೇರೆ. ಹತ್ತು ಜನರ ಗುಂಪನ್ನು ಸದ್ಯಕ್ಕೆ ಮರೆತು ಒಬ್ಬನನ್ನು ಹುಡುಕಬೇಕು. ಹುಡುಗಿಯರ ಶಿಬಿರವೊಂದರಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನಿಷ್ಠ ಒಬ್ಬ ಗೆಳತಿ ಇದ್ದವರು ಉಳಿದವರ ಕಾಟಕ್ಕೆ ಗುರಿಯಾಗುವ ಅಪಾಯ ಕಡಿಮೆಯಿತ್ತು. ಒಬ್ಬ ಗೆಳೆಯ ಎಲ್ಲವನ್ನೂ ಸರಿಪಡಿಸುತ್ತಾನೆ ಎಂದು ಹೇಳುವಂತಿಲ್ಲ. ಆದರೆ ಶುರುವಾಗಬೇಕಾದದ್ದು ಅಲ್ಲಿಂದಲೇ. ಪೋಷಕರನ್ನೇ ಗೆಳೆತನದ ತರಬೇತುದಾರರನ್ನಾಗಿ ಮಾಡುವ ಪ್ರಯೋಗ 2010ರಲ್ಲಿ ಭರವಸೆ ತಂದಿತು. ಆ ಬಳಿಕದ ದೊಡ್ಡ ಪ್ರಯೋಗದ ಫಲ ಮಿಶ್ರವಾಗಿತ್ತು. ಅದರ ಕ್ರಮ ಮಾತ್ರ ನಮ್ಮ ಜಗುಲಿಗೆ ಚೆನ್ನಾಗಿ ಒಗ್ಗುತ್ತದೆ: ಒಬ್ಬನೇ ಮಗುವನ್ನು ಮನೆಗೆ ಕರೆಯುವುದು, ಒಂದು ತಾಸಿಗಿಂತ ಹೆಚ್ಚು ಬೇಡ, ಜಗಳ ತರುವ ಆಟಿಕೆಯನ್ನು ಮೊದಲೇ ಅಟ್ಟಕ್ಕೆ ಏರಿಸುವುದು, ಅತಿಥಿಗೆ ಆಟ ಆರಿಸಲು ಬಿಡಬೇಕೆಂದು ಮಗನಿಗೆ ಅವನು ಬರುವ ಐದು ನಿಮಿಷ ಮೊದಲು ನೆನಪಿಸುವುದು (ಹಿಂದಿನ ರಾತ್ರಿ ಹೇಳಿದ್ದು ಉಳಿಯುವುದಿಲ್ಲ), ಕಣ್ಣಳತೆಯಲ್ಲೇ ಇದ್ದು ಮೂಗು ತೂರಿಸದಿರುವುದು, ಚೆನ್ನಾಗಿ ನಡೆಯುತ್ತಿರುವಾಗಲೇ ಮುಗಿಸುವುದು. ಕೊನೆಯದನ್ನು ನಾವು ಮರೆಯುತ್ತೇವೆ. 'ಹೇಗೂ ಚೆನ್ನಾಗಿ ಆಡುತ್ತಿದ್ದಾರಲ್ಲ' ಎಂದು ಮುಂದುವರಿಸಿದ ಎರಡನೆಯ ತಾಸಿನಲ್ಲಿ ಎಲ್ಲ ಕೆಡುತ್ತದೆ.

ಆಟದ ಆಯ್ಕೆಯೂ ಮುಖ್ಯ. ಔಟಾದವರು ಹೊರಗೆ ಕಾಯುವ ಲಗೋರಿ, ಕಬಡ್ಡಿ ಮೊದಲಿಗೆ ಬೇಡ. ಚೆನ್ನೆಮಣೆಯಲ್ಲಿ ಆಡುವವರು ಇಬ್ಬರೇ, ಸರದಿ ಬೇಗ ಮರಳಿ ಬರುತ್ತದೆ, ಕೈಗೆ ಕೆಲಸವಿರುತ್ತದೆ. ಓಟ ಬೇಕೆಂದರೆ ಅಡಿಕೆ ಹಾಳೆ ಇದೆಯಲ್ಲ: ಒಬ್ಬ ಕೂರಬೇಕು, ಒಬ್ಬ ಎಳೆಯಬೇಕು, ಅಂಗಳದ ತುದಿ ಬಂದೊಡನೆ ಅದಲುಬದಲು. ಇದರಲ್ಲಿ ಸೋಲು ಗೆಲುವಿಲ್ಲ, ಇನ್ನೊಬ್ಬನಿಲ್ಲದೆ ಆಟವೇ ಇಲ್ಲ. ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧದ ತಿಂಗಳುಗಳು. ದೋಣಿ ದಡ ಸೇರಿ ಅಪ್ಪಂದಿರು ಮನೆಯಲ್ಲಿರುವುದೂ ಶಾಲೆ ತೆರೆದು ಮಕ್ಕಳ ಹೊಸ ಜೋಡಿಗಳು ಕೂಡುವುದೂ ಒಂದೇ ಹೊತ್ತಿಗೆ. ಬಲೆ ಹೆಣೆಯುವ ಚಪ್ಪರದ ಬದಿಗೆ ಇಬ್ಬರು ಮಕ್ಕಳನ್ನು ಕೂರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಕಾಲ ಯಾವುದು?

ನೆರವು ಎಲ್ಲಿ ಎಂದು ಕೇಳುವವರಿಗೆ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಪಾಸಣಾ ತಂಡಗಳು ಶಾಲೆಗೆ ಬಂದಾಗ ಈ ಸಂಶಯವನ್ನೂ ಹೇಳಬಹುದು, ಅವರ ಪಟ್ಟಿಯಲ್ಲಿ ಎಡಿಎಚ್‌ಡಿ ಇದೆ. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ, ಯಾವ ಹೊತ್ತಿನಲ್ಲೂ ಉಚಿತವಾಗಿ ಮಾತನಾಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಪರೀಕ್ಷೆಯ ರಿಯಾಯಿತಿ ಕೇಳಲು ಹೋದ ಪೋಷಕರಿಗೆ ಇದು ತೊಡಕಾಗುತ್ತದೆ. ಅದು ಬದಲಾಗಬೇಕು. ಆದರೆ ಒಬ್ಬ ಗೆಳೆಯನನ್ನು ಸಂಜೆ ಮನೆಗೆ ಕರೆಯಲು ಯಾವ ಪ್ರಮಾಣಪತ್ರವೂ ಬೇಡ.

ಅಕ್ಕ ಈ ಬೇಸಿಗೆಯಲ್ಲಿ ಆಚೆ ತೋಟದ ಮನೆಯ ಹುಡುಗನನ್ನು ಕರೆಯಲು ಶುರುಮಾಡಿದಳು. ಇವನಿಗಿಂತ ಒಂದೂವರೆ ವರ್ಷ ಚಿಕ್ಕವನು, ಮಾತು ಕಡಿಮೆ. ಮೊದಲ ಶನಿವಾರ ಇಪ್ಪತ್ತು ನಿಮಿಷಕ್ಕೆ ಚೆನ್ನೆಮಣೆಯ ಕಾಯಿಗಳು ಅಂಗಳವೆಲ್ಲ ಚೆಲ್ಲಿದವು, ಚಿಕ್ಕವನು ಅಳುತ್ತ ಹೋದ. ಅಕ್ಕ ಅವನ ತಾಯಿಗೆ ಫೋನ್ ಮಾಡಿ, ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಮಗನಿಗೆ ಏನು ತೊಂದರೆ ಎಂಬುದನ್ನು ಅವಳು ಹೊರಗಿನವರಿಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆ ತಾಯಿ ಮುಂದಿನ ಶನಿವಾರವೂ ಕಳಿಸಿಕೊಟ್ಟರು. ಈಗ ಏಳು ಶನಿವಾರಗಳಾಗಿವೆ. ಬೇಣದ ಗುಂಪು ಇನ್ನೂ ಇವನನ್ನು ಕರೆದಿಲ್ಲ. ಮೊನ್ನೆ ಫೋನಿನಲ್ಲಿ ಹುಡುಗ ಹೇಳಿದ: "ಚಿಕ್ಕಮ್ಮ, ದೊಡ್ಡ ಹಾಳೆ ಎರಡನ್ನು ತೆಗೆದಿಟ್ಟಿದ್ದೇನೆ. ಅವನಿಗೆ ಒಂದು."